ಹದಿನಾಲ್ಕು ಹಲ್ಲಿನ ಚಕ್ರ

"ಇನ್ನೊಂದು ಸಲ ಎಣಿಸಿ," ಎಂದರು ಕ್ಲಬ್ಬಿನ ಕಾರ್ಯದರ್ಶಿ.

ತಪಾಸಣೆಯವನು ಬೈಕಿನ ಪಕ್ಕ ಮಂಡಿಯೂರಿ ಕೂತ. ಎಂಜಿನ್ನಿನ ಬದಿಯ ಮುಚ್ಚಳ ಬಿಚ್ಚಿತ್ತು. ಒಳಗೆ ಚೈನ್ ಹಾಯುವ ಚಿಕ್ಕ ಹಲ್ಲುಚಕ್ರ, ಸ್ಪ್ರಾಕೆಟ್. ಅದರ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಗಟ್ಟಿಯಾಗಿ ಎಣಿಸಿದ. ನೆಲಮಾಳಿಗೆಯಲ್ಲಿ ನಿಂತಿದ್ದವರೆಲ್ಲ ಅವನ ಜೊತೆ ತುಟಿ ಅಲ್ಲಾಡಿಸಿದರು. ನಾನೂ.

"...ಹನ್ನೆರಡು, ಹದಿಮೂರು, ಹದಿನಾಲ್ಕು."

ಬೆರಳು ಮತ್ತೆ ಸೀಮೆಸುಣ್ಣದ ಗುರುತಿಗೇ ಬಂತು. ಹದಿನೈದನೆಯ ಹಲ್ಲು ಇರಲಿಲ್ಲ.

"ನಿನ್ನೆ ಎಣಿಸಿದಾಗ ಹದಿನೈದಿತ್ತು ಸರ್. ನಾನೇ ಎಣಿಸಿದ್ದು," ಎಂದ ತಪಾಸಣೆಯವನು.

ಎಲ್ಲರೂ ನನ್ನ ಮಗಳ ಕಡೆ ತಿರುಗಿದರು. ಒಂದು ಕಡೆ ನಿಲ್ಲದ ಹುಡುಗಿ ಎಂದು ಊರೆಲ್ಲ ಅವಳನ್ನು ಗಿರಗಿಟ್ಲೆ ಎಂದು ಕರೆಯುತ್ತದೆ. ಈಗ ಮಾತ್ರ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಕಂಬದಂತೆ ನಿಂತಿದ್ದಳು. ಆಗಷ್ಟೇ ಗುಡ್ಡ ಏರುವ ಸ್ಪರ್ಧೆಯಲ್ಲಿ ಮೊದಲಿಗಳಾಗಿ ಇಳಿದು ಬಂದಿದ್ದಳು. ಮೂರು ವರ್ಷ ಸತತವಾಗಿ ಗೆದ್ದಿದ್ದ ಚಾಂಪಿಯನ್ನನ್ನು ಹಿಂದೆ ಹಾಕಿದ್ದಳು.

ಸ್ಪರ್ಧೆಯ ನಿಯಮ ಸರಳ. ಹಿಂದಿನ ದಿನ ಮಧ್ಯಾಹ್ನ ಪ್ರತಿ ಬೈಕನ್ನೂ ತಪಾಸಣೆ ಮಾಡುತ್ತಾರೆ. ಅದಕ್ಕೆ ಮೊದಲು ಯಾವ ಅಳತೆಯ ಸ್ಪ್ರಾಕೆಟ್ ಬೇಕಾದರೂ ಹಾಕಿಕೊಳ್ಳಬಹುದು. ತಪಾಸಣೆ ಮುಗಿದು ಗಾಡಿ ಕ್ಲಬ್ಬಿನ ನೆಲಮಾಳಿಗೆಗೆ ಇಳಿದ ಮೇಲೆ ಮಾತ್ರ ಯಾರೂ ಅದರ ಒಂದು ನಟ್ಟನ್ನೂ ಮುಟ್ಟುವ ಹಾಗಿಲ್ಲ. ಗೆದ್ದವರ ಗಾಡಿಯನ್ನು ಕೊನೆಯಲ್ಲಿ ಬಿಚ್ಚಿ ನೋಡುತ್ತಾರೆ. ಇವಳದನ್ನೂ ಹಾಗೆಯೇ ಬಿಚ್ಚಿದ್ದರು.

"ನೋಡಮ್ಮಾ," ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ವಯಸ್ಸಿನ ಹುಡುಗಿ, ಆಸೆಪಟ್ಟೆ. ದೊಡ್ಡದು ಮಾಡೋದು ಬೇಡ. ನಾಳೆ ಸಂಜೆ ಸಭೆ ಇದೆ. ಮೈಕಿನ ಮುಂದೆ ನಿಂತು 'ತಪ್ಪಾಯ್ತು, ಕ್ಷಮಿಸಿ' ಅಂದುಬಿಡು. ಒಂದು ವರ್ಷ ಮನೇಲಿರು. ಆಮೇಲೆ ಬಾ."

"ಅನ್ನದಿದ್ರೆ?"

"ಅನ್ನದಿದ್ರೆ ಈ ಗುಡ್ಡ ಮರೆತುಬಿಡು. ಇನ್ನು ಯಾವತ್ತೂ ನಿನಗೆ ಇಲ್ಲಿ ಜಾಗ ಇಲ್ಲ."

"ಸರ್, ಸೋತಾಗ ಸೋತೆ ಅಂದಿದ್ದೀನಿ. ಬಿದ್ದಾಗ ಬಿದ್ದೆ ಅಂದಿದ್ದೀನಿ. ಮಾಡಿದ್ರೆ ಮಾಡಿದೆ ಅಂತಿದ್ದೆ. ಮಾಡದೇ ಇರೋದಕ್ಕೆ ತಪ್ಪಾಯ್ತು ಅನ್ನಿಸೋದು ನಿಮ್ಮ ಕೈಲಿ ಆಗಲ್ಲ ಬಿಡಿ."

"ಬಾಯಿ ನೋಡು!" ಯಾರೋ ಹಿಂದಿನಿಂದ ಅಂದರು.

"ಬಾಯಿ ಚೆನ್ನಾಗಿದೆ. ಅದಕ್ಕೇ ಇಟ್ಕೊಂಡಿದ್ದೀನಿ," ಎಂದಳು ತಿರುಗಿ ನೋಡದೆ.

ನಾನು ನಮ್ಮವರ ಕಡೆ, ಅವಳ ಅಪ್ಪನ ಕಡೆ ನೋಡಿದೆ. ಮಗಳ ಪರವಾಗಿ ಒಂದು ಮಾತಾಡಬಹುದು ಎಂದುಕೊಂಡೆ. ಅವರು ಗೋಡೆಗೆ ಒರಗಿ ನಿಂತಿದ್ದರು. ಮುಖ ಸುಣ್ಣದ ಗೋಡೆಗಿಂತ ಬೆಳ್ಳಗಿತ್ತು.

*

ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ. ತಟ್ಟೆ ಮುಚ್ಚಿಟ್ಟೆ. ಒಗೆದ ಬಟ್ಟೆ ಮಡಚುತ್ತ ಅವಳ ಪಕ್ಕ ಕೂತೆ. ಇಂಥ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದು, ಎದ್ದು ಹೋಗಲೂಬಾರದು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

ನಮ್ಮವರೇ ಬಾಯಿ ತೆರೆದರು. "ಒಂದು ಮಾತು ತಾನೇ? ಅಂದುಬಿಡು ಮಗಳೇ. ಒಂದು ವರ್ಷ ಕಣ್ಣು ಮುಚ್ಚಿ ಬಿಡೋದ್ರಲ್ಲಿ ಹೋಗುತ್ತೆ."

"ಅಪ್ಪಾ, ನಾನೇ ಮಾಡಿದ್ದು ಅಂತೀರಾ?"

"ಇಲ್ಲ. ನೀನು ಮಾಡಿಲ್ಲ. ನನಗೆ ಗೊತ್ತು."

"ಗೊತ್ತಿದ್ದೂ ಕ್ಷಮೆ ಕೇಳು ಅಂತೀರಲ್ಲ!"

ಅವರು ಕೆಲಸದ ಚೀಲ ಹೆಗಲಿಗೇರಿಸಿ ಹೊರಟರು. ನಮ್ಮವರ ಕೆಲಸ ಲಿಫ್ಟ್ ರಿಪೇರಿ. ಊರಿನ ಎತ್ತರದ ಕಟ್ಟಡಗಳ ಲಿಫ್ಟೆಲ್ಲ ಅವರ ಕೈ ಕೆಳಗೇ ಏರುವುದು, ಇಳಿಯುವುದು. ಮಗಳು ಬೈಕ್ ತೆಗೆದಾಗಲೆಲ್ಲ ಒಂದೇ ಹಾಡು: "ಲಿಫ್ಟ್ ವೇಗ ಮೀರಿದ್ರೆ ಹಿಡಿದು ನಿಲ್ಲಿಸೋಕೆ ಒಂದು ಗವರ್ನರ್ ಇರುತ್ತೆ. ನಿನ್ನ ಗಾಡಿಗೆ ಏನಿದೆ?" ಇವಳದೂ ಒಂದೇ ಉತ್ತರ: "ನಾನಿದ್ದೀನಲ್ಲ ಅಪ್ಪಾ."

ಅವರು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಮಗಳು ಎದ್ದಳು. "ಅಮ್ಮಾ, ಅತ್ತೆಗೆ ಫೋನ್ ಮಾಡು."

ನಮ್ಮವರ ಅಕ್ಕ ನನಗೆ ಅತ್ತಿಗೆ, ಮಗಳಿಗೆ ಅತ್ತೆ. ವಿಮಾ ಕಂಪನಿಗಳಿಗಾಗಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ, ಯಾರು ನಿಜ ಹೇಳುತ್ತಿದ್ದಾರೆ ಎಂದು ವರದಿ ಕೊಡುವುದು ಅವರ ವೃತ್ತಿ. ಕೈಚೀಲದಲ್ಲಿ ಲಿಪ್‌ಸ್ಟಿಕ್ ಜೊತೆಗೆ ಒಂದು ಟಾರ್ಚು, ಹಲ್ಲಿನ ಡಾಕ್ಟರು ಬಾಯೊಳಗೆ ಇಡುವಂಥ ಪುಟ್ಟ ಕನ್ನಡಿ. ಮರುದಿನ ಬೆಳಗ್ಗೆಯೇ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ನಿಜ ಹೇಳು ಗಿರಗಿಟ್ಲೆ. ನೀನೇ ಹಾಕಿದ್ಯಾ?"

"ಇಲ್ಲ ಅತ್ತೆ."

"ಹತ್ತುವಾಗ ಗೊತ್ತಾಗಲಿಲ್ವಾ? ಒಂದು ಹಲ್ಲು ಕಡಿಮೆಯಾದ್ರೆ ಗಾಡಿ ಬೇರೆ ಥರ ಓಡುತ್ತೆ."

ಮಗಳು ತಲೆ ತಗ್ಗಿಸಿದಳು. ನಿನ್ನೆಯಿಂದ ಅದೇ ಮೊದಲ ಸಲ.

"ಗೊತ್ತಾಯ್ತು ಅತ್ತೆ. ಏರಿನಲ್ಲಿ ಎಂದೂ ಇಲ್ಲದ ಹಾಗೆ ಎಳೀತು. ಮೇಲೆ ಸಮತಟ್ಟು ಬಂದಾಗ ಎಂಜಿನ್ ಕಿರುಚಿಕೊಳ್ತು. ಆದ್ರೆ ನಾನು... ನಾನೇ ಇವತ್ತು ಚೆನ್ನಾಗಿ ಓಡಿಸ್ತಿದ್ದೀನಿ ಅನ್ಕೊಂಡೆ."

ಅತ್ತಿಗೆ ಅವಳ ಕೆನ್ನೆ ತಟ್ಟಿದರು. "ಕಳ್ಳರು ಇಷ್ಟು ಅವಮಾನದ ಸುಳ್ಳು ಹೇಳಲ್ಲ. ಮೊದಲು ಊಟ ಮಾಡು. ನೀನು ನಡಿಯೇ," ಎಂದು ನನಗೆ ಹೇಳಿ ಚಪ್ಪಲಿ ಬಿಡದೆಯೇ ತಿರುಗಿದರು.

*

ಮಗಳ ಬೈಕು ನೆಲಮಾಳಿಗೆಯಲ್ಲೇ ಇತ್ತು. ಸಭೆ ಮುಗಿಯುವವರೆಗೆ ಕ್ಲಬ್ಬಿನವರು ಕೊಡುವುದಿಲ್ಲವಂತೆ. ಒಳಗೆ ಬರಲು ಎರಡೇ ದಾರಿ. ರಸ್ತೆಯ ಕಡೆಯ ಕಬ್ಬಿಣದ ಷಟರ್ ಒಂದು, ಮೇಲಿನ ಮಹಡಿಯಿಂದ ಗಾಡಿಗಳನ್ನು ಇಳಿಸುವ ಸಾಮಾನಿನ ಲಿಫ್ಟ್ ಒಂದು.

ಅತ್ತಿಗೆ ಸೀರೆ ಎತ್ತಿಕಟ್ಟಿ ನೆಲದ ಮೇಲೇ ಕೂತುಬಿಟ್ಟರು. ಮೊದಲು ಹಲ್ಲು ಎಣಿಸಿದರು. ಆಮೇಲೆ ಕೆಳಗಿನ ಚೈನನ್ನು ಬೆರಳಿನಿಂದ ಎತ್ತಿ ಬಿಟ್ಟರು. ಅದು ಬಟ್ಟೆ ಒಣಗಿಸುವ ಹಗ್ಗದಂತೆ ಜೋತಾಡಿತು.

"ಇಷ್ಟು ಸಡಿಲ ಯಾಕಿದೆ?"

"ರೇಸಿನಲ್ಲಿ ಚೈನ್ ಹಿಗ್ಗುತ್ತೆ ಮೇಡಂ," ಎಂದ ತಪಾಸಣೆಯವನು. ಅವನೇ ನಮ್ಮನ್ನು ಒಳಗೆ ಕರೆತಂದಿದ್ದ.

"ಹೊಸ ಚೈನು, ಒಂದೇ ಗುಡ್ಡ. ಅಷ್ಟಕ್ಕೇ ಇಷ್ಟು ಹಿಗ್ಗೋಕೆ ಇದೇನು ರಬ್ಬರಾ?"

ಟಾರ್ಚ್ ಹಚ್ಚಿ, ಕನ್ನಡಿಯನ್ನು ಚೈನಿನ ಉದ್ದಕ್ಕೂ ಸರಿಸುತ್ತ ಹೋದರು. ಒಂದು ಕಡೆ ಕನ್ನಡಿ ನಿಂತಿತು. ಬಹಳ ಹೊತ್ತು ನಿಂತಿತು.

"ಇದನ್ನ ಯಾರೂ ಮುಟ್ಟಿಲ್ಲ ತಾನೇ?"

"ಇಲ್ಲ ಮೇಡಂ. ಹಲ್ಲು ಎಣಿಸಿದ ಮೇಲೆ ನೋಡೋದಕ್ಕೆ ಇನ್ನೇನಿತ್ತು?"

"ಹೌದಲ್ಲ," ಎಂದು ಎದ್ದರು. ಅವರ ಮುಖ ನೋಡಿ "ಏನು ಅತ್ತಿಗೆ?" ಎಂದೆ. "ಆಮೇಲೆ," ಎಂದರು.

ಷಟರಿನ ಹತ್ತಿರ ಕಾವಲಿನವನು ಸ್ಟೂಲಿನ ಮೇಲೆ ಕೂತಿದ್ದ.

"ಮೊನ್ನೆ ತಪಾಸಣೆ ಆದ ಮೇಲೆ ಒಳಗೆ ಯಾರು ಬಂದ್ರು?"

"ಯಾರೂ ಬಂದಿಲ್ಲ ತಾಯಿ."

"ಯಾರೂ ಅಂದ್ರೆ ಯಾರೂ?"

"ಈ ಷಟರ್ ದಾಟಿ ನೊಣ ಹೋಗಿದ್ರೂ ನಾನು ಅದರ ಹೆಸರು ಕೇಳಿರ್ತಿದ್ದೆ."

"ಲಿಫ್ಟಿನಲ್ಲಿ?"

"ಅದೆಲ್ಲಿ? ಅದು ಸಂಜೆ ತನಕ ರಿಪೇರಿಗೆ ನಿಂತಿತ್ತು. ಟಕ ಟಕ ಅಂತ ಸದ್ದು ಬೇರೆ. ಕೂತಲ್ಲೇ ತಲೆನೋವು ಬಂತು."

ಹೊರಗೆ ಚಾಂಪಿಯನ್ ತನ್ನ ಗಾಡಿ ಒರೆಸುತ್ತಿದ್ದ. ಮಗಳು ಅನರ್ಹಳಾದರೆ ಕಪ್ ಅವನಿಗೆ. ನಮ್ಮನ್ನು ನೋಡಿದ ಕೂಡಲೇ ಬಟ್ಟೆ ಎಸೆದ.

"ನನಗೆ ಗೊತ್ತು, ನೀವು ನನ್ನ ಮೇಲೇ ಹಾಕ್ತೀರಾ ಅಂತ!"

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಪ್ಪ ಹೆಗಲು ಮುಟ್ಕೋತೀಯಾ? ನಾನಿನ್ನೂ ಬಾಯೇ ತೆರೆದಿಲ್ಲ."

"ಮತ್ತಿನ್ನೇನು? ಎಲ್ಲರೂ ನನ್ನನ್ನ ಹಾಗೇ ನೋಡ್ತಿದ್ದಾರೆ. ನೋಡಿ ಆಂಟಿ, ಇವಳನ್ನ ಸೋಲಿಸಬೇಕು ಅಂತಿದ್ರೆ ನಾನು ಹದಿನಾರು ಹಾಕ್ತಿದ್ದೆ. ಅರ್ಧ ಏರಿನಲ್ಲೇ ಗಾಡಿ ಏದುಸಿರು ಬಿಡ್ತಿತ್ತು. ಹದಿನಾಲ್ಕು ಹಾಕಿ ನನ್ನ ಕಪ್ಪನ್ನ ನಾನೇ ಅವಳ ಕೈಗೆ ಕೊಡ್ತೀನಾ? ನನಗೇನು ಹುಚ್ಚಾ?"

"ಅವಳ ಹೆಸರು ಕೆಡಿಸೋಕೆ?"

"ಹೆಸರು ಕೆಡಿಸೋಕೆ ಅವಳು ಮೊದಲು ಗೆಲ್ಲಬೇಕಲ್ಲ! ಗೆಲ್ಲೋದು ನಾನೇ ಅಂತ ಇದ್ದೆ." ಸ್ವಲ್ಪ ತಡೆದು, ಮುಖ ಬೇರೆ ಕಡೆ ತಿರುಗಿಸಿ ಅಂದ: "ಕೊನೇ ತಿರುವನ್ನ ಅವಳು ತೆಗೆದುಕೊಂಡಿದ್ದು ನೋಡಿದ್ರಾ? ಅದಕ್ಕೂ ಸ್ಪ್ರಾಕೆಟ್ಟಿಗೂ ಸಂಬಂಧ ಇಲ್ಲ. ಇದನ್ನ ನಾನು ಹೇಳಿದೆ ಅಂತ ಅವಳಿಗೆ ಹೇಳಬೇಡಿ."

*

ನನ್ನ ತಮ್ಮನನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವುದು. ಮಗಳ ಗಾಡಿ ಸಿದ್ಧಪಡಿಸುವವನು ಅವನೇ. ಹಾಗಾಗಿ ಊರಿನ ಅರ್ಧ ಜನಕ್ಕೆ ಅನುಮಾನ ಅವನ ಮೇಲೆ. ಗ್ಯಾರೇಜಿಗೆ ಹೋದಾಗ ಅವನು ಒಂದು ಸ್ಕೂಟರಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು.

"ಹೊರಗೆ ಬರ್ತೀಯೋ, ಕಾಲಿನ ಜೊತೆಗೇ ಮಾತಾಡ್ಲೋ?" ಎಂದರು ಅತ್ತಿಗೆ.

ಕೈ ಒರೆಸುತ್ತ ಎದ್ದು ಬಂದ. ಕಣ್ಣು ಕೆಂಪಾಗಿತ್ತು.

"ಆ ಹದಿನಾಲ್ಕು ನಂದೇ. ಸುಳ್ಳು ಹೇಳಲ್ಲ. ನಾನೇ ತಂದಿದ್ದು. ಆದ್ರೆ ಹಾಕಿದ್ದು ನಾನಲ್ಲ."

"ಯಾಕೆ ತಂದೆ?"

"ಅಯ್ಯೋ, ಗುಡ್ಡ ಅಲ್ವಾ ಅಕ್ಕ? ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಎಳೆತ ಜಾಸ್ತಿ. ಏರು ಹೂವಿನ ಹಾಗೆ ಹತ್ತುತ್ತೆ. ಆದ್ರೆ ಟಾಪ್ ಸ್ಪೀಡ್ ಬಿಟ್ಟುಕೊಡಬೇಕು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳುತ್ತೆ. ಗಿರಗಿಟ್ಲೆ ಒಪ್ಪಲಿಲ್ಲ. 'ಮೇಲೆ ಸಮತಟ್ಟಿನಲ್ಲಿ ಉಸಿರು ಕಟ್ಟುತ್ತೆ, ಹದಿನೈದೇ ಇರಲಿ ಮಾಮ' ಅಂದ್ಲು. ಜೋರು ಜಗಳ ಆಯ್ತು. ಪಕ್ಕದ ಮನೆಯವರಿಗೂ ಕೇಳಿಸಿರುತ್ತೆ."

"ಎಲ್ಲಿ ಆಯ್ತು ಜಗಳ?"

"ನಮ್ಮಕ್ಕನ ಮನೇಲೇ. ಊಟದ ಮೇಜಿನ ಹತ್ತಿರ. ಭಾವ ಒಬ್ಬರೇ ನನ್ನ ಕಡೆ. 'ಹದಿನಾಲ್ಕೇ ಒಳ್ಳೇದು, ಅದನ್ನೇ ಹಾಕಲಿ' ಅಂತ ಎರಡು ಸಲ ಅಂದ್ರು. ಇವಳು ಯಾರ ಮಾತು ಕೇಳ್ತಾಳೆ? ನಾನು ಸಿಟ್ಟಿನಲ್ಲಿ ಸ್ಪ್ರಾಕೆಟ್ ಅಲ್ಲೇ ಬಿಟ್ಟು ಬಂದೆ."

ಅದು ನನಗೆ ನೆನಪಿತ್ತು. ಗ್ರೀಸ್ ಮೇಜಿಗೆ ಹತ್ತುತ್ತದೆಂದು ನಾನೇ ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಮೇಲಿಟ್ಟಿದ್ದೆ. ಆಮೇಲೆ ಅಲ್ಲಿ ಒರೆಸುವಾಗ ಕಾಣಲಿಲ್ಲ. ತಮ್ಮ ಬಂದು ಒಯ್ದಿರಬೇಕು ಎಂದುಕೊಂಡಿದ್ದೆ.

"ಒಂದು ಪ್ರಶ್ನೆ," ಎಂದರು ಅತ್ತಿಗೆ. "ಹದಿನೈದು ತೆಗೆದು ಹದಿನಾಲ್ಕು ಹಾಕಿದ ಮೇಲೆ ನೀನು ಇನ್ನೇನು ಮಾಡ್ತೀಯ?"

"ಚೈನ್ ಸಡಿಲ ಬಿಡುತ್ತಲ್ಲ. ಹಿಂದಿನ ಚಕ್ರ ಒಂಚೂರು ಹಿಂದಕ್ಕೆಳೆದು ಬಿಗಿ ಮಾಡ್ತೀನಿ. ಮಾಡದೇ ಇದ್ರೆ ಚಾಟಿಯಿಂದ ಹೊಡೆದ ಹಾಗೆ ಹೊಡೀತಾ ಇರುತ್ತೆ. ಯಾಕೆ? ಮಾಡಿರಲಿಲ್ವಾ?"

ಅತ್ತಿಗೆ ಆಗಲೇ ಬಾಗಿಲ ಕಡೆ ಹೊರಟಿದ್ದರು.

ಹಿಂತಿರುಗುವಾಗ ನಾನು ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ, ಹ್ಯಾಂಡಲಿಗೆ ತರಕಾರಿ ಚೀಲ. ಅತ್ತಿಗೆ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ನಿಲ್ಲಿಸಿ, ನಡುರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತರು. ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಚೈನ್ ನೋಡಿದರು. ಕನ್ನಡಿ ಕೂಡ ತೆಗೆಯಲಿಲ್ಲ.

ಎದ್ದಾಗ ಅವರಿಗೆ ವಯಸ್ಸಾದಂತೆ ಕಂಡಿತು.

"ಇದನ್ನ ಹತ್ತಿ ಓಡಿಸಬೇಡ. ಮನೆ ತನಕ ತಳ್ಳಿಕೊಂಡೇ ಬಾ."

"ಯಾಕೆ ಅತ್ತಿಗೆ? ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು."

*

ಸಭೆಗೆ ಕುರ್ಚಿ ಸಾಲಲಿಲ್ಲ. ಕಳ್ಳಿ ಕ್ಷಮೆ ಕೇಳುವುದನ್ನು ನೋಡಲು ಜನಕ್ಕೆ ಎಷ್ಟು ಬಿಡುವು! ವೇದಿಕೆಯ ಮೇಲೆ ಮೈಕು, ಪಕ್ಕದಲ್ಲಿ ಕಪ್. ನಮ್ಮವರು ನನ್ನ ಪಕ್ಕ ಕೆಲಸದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾರ್ಯದರ್ಶಿ ಮಗಳನ್ನು ಕರೆದರು. ಅವಳು ಹೋಗಿ ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು.

"ನಾನು ಮಾಡಿಲ್ಲ. ಹೇಳೋದು ಇಷ್ಟೇ," ಎಂದು ಅಲ್ಲೇ ನಿಂತಳು.

ಗದ್ದಲ ಎದ್ದಿತು. "ಹಾಗಾದರೆ ಶಾಶ್ವತವಾಗಿ—" ಎಂದು ಕಾರ್ಯದರ್ಶಿ ಶುರುಮಾಡಿದರು. ಅತ್ತಿಗೆ ಎದ್ದರು.

"ಒಂದು ನಿಮಿಷ. ನೀವೆಲ್ಲ ಹಲ್ಲು ಎಣಿಸಿದ್ರಿ. ಚೈನ್ ನೋಡಿದವರು ಯಾರು?"

ತಪಾಸಣೆಯವನು ಕಾರ್ಯದರ್ಶಿಯ ಕಡೆ ನೋಡಿದ.

"ಹದಿನಾಲ್ಕು ಹಾಕಿದವರು ಹಿಂದಿನ ಚಕ್ರ ಎಳೆದು ಚೈನ್ ಬಿಗಿ ಮಾಡಿಲ್ಲ. ಈ ಕೆಲಸ ತಿಳಿದವರು ಯಾರೂ ಹಾಗೆ ಬಿಡಲ್ಲ. ಈ ಹುಡುಗಿ ಬಿಡಲ್ಲ, ಅವಳ ಮಾವ ಬಿಡಲ್ಲ, ಚಾಂಪಿಯನ್ನೂ ಬಿಡಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸ್ಪ್ಯಾನರ್, ಚೈನ್ ಲಾಕ್ ಅಂದ್ರೆ ಏನು, ಎಲ್ಲರಿಗೂ ಹೇಳು."

ನನ್ನ ತಮ್ಮ ಗೊಂದಲದಿಂದ ಎದ್ದ. "ಚೈನಿನ ಎರಡು ತುದಿ ಸೇರಿಸೋ ಕೊಂಡಿ. ಸ್ಪ್ರಾಕೆಟ್ ಬದಲಿಸೋಕೆ ಅದನ್ನ ಬಿಚ್ಚಿ ಮತ್ತೆ ಹಾಕ್ತೀವಿ. ಅದರ ಮೇಲೆ ಮೀನಿನ ಥರ ಒಂದು ಪುಟ್ಟ ತಗಡು ಕೂರಿಸ್ತೀವಿ. ಒಂದು ಕಡೆ ಮುಚ್ಚಿದ ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನ್ ಯಾವ ಕಡೆ ಓಡುತ್ತೋ ಆ ಕಡೆಗೆ ತಲೆ ಇರಬೇಕು. ಬಾಲ ಮುಂದಾದ್ರೆ ಏನಾದ್ರೂ ತಾಗಿ ಕಿತ್ತು ಹೋಗುತ್ತೆ."

"ಕಿತ್ತು ಹೋದ್ರೆ?"

"ಚೈನ್ ಬಿಚ್ಚಿಕೊಂಡು ಚಕ್ರಕ್ಕೆ ಸುತ್ತಿಕೊಳ್ಳಬಹುದು. ಆ ವೇಗದಲ್ಲಿ, ಆ ಗುಡ್ಡದಲ್ಲಿ..." ಅವನು ಕೂತುಬಿಟ್ಟ.

"ಇವಳ ಗಾಡಿಯಲ್ಲಿ ಮೀನು ಬಾಲ ಮುಂದಾಗಿ ಓಡಿದೆ. ತಗಡಿನ ಒಂದು ಕಾಲು ಆಗಲೇ ಜಾರಿ ಹೊರಗೆ ಬಂದಿದೆ. ಇನ್ನೆರಡು ತಿರುವು ಇದ್ದಿದ್ರೆ ಇವತ್ತು ಈ ಸಭೆ ಬೇರೆ ಕಾರಣಕ್ಕೆ ಸೇರಿರ್ತಿತ್ತು."

ನನ್ನ ಪಕ್ಕದಲ್ಲಿ ಕುರ್ಚಿ ಕಿರ್ ಎಂದಿತು.

"ಇವಳು ಗೆಲ್ಲಬೇಕು ಅಂತ ಯಾರಿಗಿತ್ತು ಅಂತ ನೀವು ಹುಡುಕಿದ್ರಿ. ನಾನೂ ಅದನ್ನೇ ಹುಡುಕ್ತಿದ್ದೆ. ಆದ್ರೆ ಇದನ್ನ ಹಾಕಿದವರಿಗೆ ಇವಳು ಗೆಲ್ಲೋದು ಬೇಕಾಗಿರಲಿಲ್ಲ, ಸೋಲೋದೂ ಬೇಕಾಗಿರಲಿಲ್ಲ. ನಿಧಾನ ಹೋಗೋದು ಬೇಕಾಗಿತ್ತು, ಅಷ್ಟೇ. ಹದಿನಾಲ್ಕು ಹಾಕಿದ್ರೆ ಟಾಪ್ ಸ್ಪೀಡ್ ಕಡಿಮೆ ಆಗುತ್ತೆ ಅಂತ ಒಂದು ಊಟದ ಮೇಜಿನ ಹತ್ತಿರ ಕೇಳಿಸ್ಕೊಂಡ್ರು. ಏರಿನಲ್ಲಿ ಅದೇ ಚಕ್ರ ಗಾಡಿಯನ್ನ ಹಾರಿಸುತ್ತೆ ಅನ್ನೋ ಅರ್ಧ ಅವರ ತಲೆಗೆ ಹೋಗಲೇ ಇಲ್ಲ. ಫ್ರಿಜ್ಜಿನ ಮೇಲಿದ್ದ ಸ್ಪ್ರಾಕೆಟ್ ಅವರ ಕೈಗೆ ಸಿಕ್ತು. ಕಾರ್ಯದರ್ಶಿಗಳೇ, ಮೊನ್ನೆ ಲಿಫ್ಟ್ ರಿಪೇರಿಗೆ ಬಂದಿದ್ದು ಯಾರು?"

"ಲಿಫ್ಟಿಗಾ? ಪ್ರತಿ ಸಲ ಸ್ಪರ್ಧೆಗೆ ಮೊದಲು ನೋಡಿಹೋಗ್ತಾರಲ್ಲ, ನಮ್ಮ..." ಕಾರ್ಯದರ್ಶಿಯ ಬಾಯಿ ತೆರೆದೇ ಇತ್ತು. ಕಣ್ಣು ನಮ್ಮ ಸಾಲಿಗೆ ಬಂತು.

"ಇವತ್ತು ನನ್ನ ತಮ್ಮನ ಹೆಂಡತಿಯ ಸೈಕಲ್ ನೋಡಿದೆ," ಎಂದರು ಅತ್ತಿಗೆ. ದನಿ ಈಗ ಗಟ್ಟಿಯಾಗಿರಲಿಲ್ಲ. "ಅದರಲ್ಲೂ ಮೀನು ಬಾಲ ಮುಂದಾಗಿಯೇ ಓಡ್ತಿದೆ. ಆ ಸೈಕಲ್ಲನ್ನ ಮನೇಲಿ ರಿಪೇರಿ ಮಾಡೋನು ಒಬ್ಬನೇ. ಏಳೋ ತಮ್ಮಾ."

ನಮ್ಮವರು ಎದ್ದರು. ಚೀಲದ ಜಿಪ್ ಎಳೆದು, ಒಳಗಿಂದ ಹದಿನೈದು ಹಲ್ಲಿನ ಚಕ್ರ ತೆಗೆದು ಹಿಡಿದುಕೊಂಡರು.

"ತಲೆ ಮುಂದಕ್ಕೇ ಹಾಕಿದ್ದೆ ಅಕ್ಕ," ಎಂದರು. "ಗಾಡಿಯ ಮುಂದಕ್ಕೆ."

"ಚೈನ್ ಸಡಿಲ ಇತ್ತು ಅಂತ ಕೆಳಗಡೆ ಸೇರಿಸಿದ್ಯಲ್ಲೋ. ಕೆಳಗಡೆ ಚೈನ್ ಹಿಂದಕ್ಕೆ ಓಡುತ್ತೆ."

ಅವರು ಆ ಚಕ್ರವನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದರು. ಮೇಲಿನ ಹಲ್ಲು ಮುಂದಕ್ಕೆ ಹೋದಾಗ ಕೆಳಗಿನದು ಹಿಂದಕ್ಕೆ ಬಂತು. ಅವರು ಕುಸಿದು ಕೂರುತ್ತಾರೆಂದು ನಾನು ತೋಳು ಹಿಡಿದೆ. ಹಿಡಿದವಳೇ ಬಿಟ್ಟೂ ಬಿಟ್ಟೆ.

"ನಿನ್ನೆಯಿಂದ ಯಾಕ್ರೀ ಬಾಯಿ ಬಿಡಲಿಲ್ಲ?" ನನ್ನ ದನಿ ನನಗೇ ಹೊಸದಾಗಿತ್ತು. "ಅವಳನ್ನ ಕಳ್ಳಿ ಅಂದ್ರಲ್ಲ ಇಷ್ಟು ಜನ!"

"ಮೊದಲು ಹೆದರಿಕೆ ಆಯ್ತು. ಆಮೇಲೆ..." ಅವರು ವೇದಿಕೆಯ ಕಡೆ ನೋಡಿದರು. "ಕ್ಷಮೆ ಕೇಳಿಬಿಟ್ರೆ ಒಂದು ವರ್ಷ ಇವಳು ಗುಡ್ಡ ಹತ್ತಲ್ಲ ಅನ್ನಿಸ್ತು. ಒಂದು ವರ್ಷ ನಾನು ನಿದ್ದೆ ಮಾಡಬಹುದು ಅನ್ನಿಸ್ತು."

ಮಗಳು ಮೈಕ್ ಮುಂದೆಯೇ ಇದ್ದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಪ್ಪಾ, ನಿಮ್ಮ ನಿದ್ದೆಗೆ ನನ್ನ ಹೆಸರು ಹಾಸಿಗೆ ಮಾಡಿಕೊಂಡ್ರಲ್ಲ. ಹೆದರಿಕೆ ಇದ್ರೆ ಹೆದರಿಕೆ ಅಂತ ಹೇಳಿ. ದಿನಾ ಹೇಳಿ, ನಾನು ದಿನಾ ಕೇಳ್ತೀನಿ. ಆದ್ರೆ ಗಾಡಿ ಮುಟ್ಟಬೇಡಿ. ಅದು ನಂದು."

ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ ಮೈಕಿನ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಸರ್, ಕ್ಷಮೆ ಕೇಳೋಕೆ ಅಂತ ಮೈಕ್ ಹಾಕಿಸಿದ್ದೀರಿ. ಬಾಡಿಗೆ ದಂಡ ಮಾಡಬೇಡಿ. ಬನ್ನಿ."

ಮೊದಲು ನಕ್ಕವನು ಚಾಂಪಿಯನ್. ಆಮೇಲೆ ಸಭೆಯೆಲ್ಲ ನಕ್ಕಿತು. ಕಾರ್ಯದರ್ಶಿ ಕೆಂಪಾದರು, ಬೆವರು ಒರೆಸಿಕೊಂಡರು. ಆದರೆ ಮೈಕಿನ ಮುಂದೆ ಬಂದು "ತಪ್ಪಾಯ್ತಮ್ಮಾ, ಕ್ಷಮಿಸು" ಎಂದರು. ಅವರ ಹಿಂದೆ ನಮ್ಮವರೂ ವೇದಿಕೆ ಹತ್ತಿ, ಮೈಕಿಗೆ ಬಾಗಿ ಅದೇ ಮಾತು ಅಂದರು. ಯಾರೂ ಅವರನ್ನು ಕರೆದಿರಲಿಲ್ಲ.

"ಕಪ್ ತಗೊಳ್ಳಮ್ಮ ಹಾಗಾದ್ರೆ," ಎಂದರು ಕಾರ್ಯದರ್ಶಿ.

"ಬೇಡ. ಯಾರು ಹಾಕಿದ್ರೂ ನಾನು ಹತ್ತಿದ್ದು ಹದಿನಾಲ್ಕರಲ್ಲಿ. ನಿಯಮ ಅಂದ್ರೆ ನಿಯಮ. ನನಗೆ ಹದಿನೈದರಲ್ಲಿ ಒಂದು ಏರು ಕೊಡಿ. ನಾಳೆ ಬೆಳಗ್ಗೆ."

"ನಾನೂ ಬರ್ತೀನಿ," ಚಾಂಪಿಯನ್ ಕೂಗಿದ. "ಹೀಗೆ ಬಿಟ್ಟಿ ಬಂದ ಕಪ್ಪಿನಲ್ಲಿ ನಮ್ಮಜ್ಜಿ ನೀರೂ ಕುಡಿಯಲ್ಲ."

*

ಬೆಳಗ್ಗೆ ಗುಡ್ಡದ ಬುಡದಲ್ಲಿ ನಮ್ಮವರೇ ಹದಿನೈದನ್ನು ಕೂರಿಸಿದರು. ಮಗಳ ಅಪ್ಪಣೆ ಅದು. "ಮಾಮ ಹೇಳಿಕೊಡಲಿ, ಕೈ ನಿಮ್ಮದೇ ಇರಲಿ. ಸರಿಯಾಗಿ ಹಾಕೋದು ಹೇಗೆ ಅಂತ ಒಂದು ಸಲ ಕಲಿತುಬಿಡಿ," ಎಂದಿದ್ದಳು. ಸ್ಪ್ಯಾನರ್ ತಲೆಯ ಮೇಲೆ ನಿಂತು ಬೈಯುತ್ತಿದ್ದ. ಭಾವನನ್ನು ಬೈಯುವ ಭಾಗ್ಯ ಅವನಿಗೆ ಜೀವನದಲ್ಲಿ ಮತ್ತೆ ಸಿಗುವುದಿಲ್ಲ. ಹೊಸ ಕೊಂಡಿ, ಹೊಸ ತಗಡು. ನಮ್ಮವರು ಚಕ್ರ ತಿರುಗಿಸಿ ತಿರುಗಿಸಿ ನೋಡಿದರು. ಅವಸರ ಮಾಡಲಿಲ್ಲ.

ಅತ್ತಿಗೆ ಕನ್ನಡಿ ಇಟ್ಟು ನೋಡಿ, ಹೂಂ ಎಂದರು.

ಮಗಳು ಗಾಡಿ ಹತ್ತಿದಳು. ನಮ್ಮವರು ಅವಳ ಹತ್ತಿರ ಹೋಗಿ ಬಾಯಿ ತೆರೆದರು. ಏನು ಹೇಳುತ್ತಾರೆಂದು ನಮಗೆಲ್ಲ ಗೊತ್ತಿತ್ತು.

"ನಿಧಾ—"

"ಅಪ್ಪಾ."

"ನಂಗೆ ಹೆದರಿಕೆ ಆಗ್ತಿದೆ," ಎಂದರು.

"ಗೊತ್ತು. ನಂಗೂ."

ಹೋದಳು. ಒಂದೊಂದು ತಿರುವಿನಲ್ಲೂ ಎಂಜಿನ್ನಿನ ಸದ್ದು ಮರೆಯಾಗಿ ಮತ್ತೆ ಮೇಲಿನಿಂದ ಕೇಳುತ್ತಿತ್ತು. ಪ್ರತಿ ಸಲ ಅದು ಮರೆಯಾದಾಗ ನಮ್ಮವರು ನನ್ನ ಕೈ ಹಿಡಿಯುತ್ತಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು. ಅದಕ್ಕೆ ಮನೆಯಲ್ಲಿ ಬೇಕಾದಷ್ಟು ಸಮಯವಿದೆ.

ಅವಳು ಸೋತಳು. ಎವೆ ಮುಚ್ಚಿ ತೆರೆಯುವಷ್ಟು ಅಂತರದಲ್ಲಿ. ಕಪ್ ಚಾಂಪಿಯನ್ ಕೈಗೆ ಹೋಯಿತು. ಧೂಳು ಮೆತ್ತಿದ ಮುಖದಲ್ಲಿ ಇಳಿದು ಬಂದವಳು ಹೆಲ್ಮೆಟ್ ತೆಗೆದು, ಎರಡು ದಿನದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು.

"ಎರಡನೇ ಸ್ಥಾನ," ಎಂದಳು ನನಗೆ. "ಪೂರ್ತಿ ನಂದು."

ಆಮೇಲೆ ಚಾಂಪಿಯನ್ ಹತ್ತಿರ ಹೋಗಿ ಕಪ್ಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅವನಿಗೇ ವಾಪಸು ಕೊಟ್ಟಳು.

"ಒಂದು ವರ್ಷ ಚೆನ್ನಾಗಿ ಒರೆಸಿ ಇಟ್ಟಿರು. ನಂಗೆ ಧೂಳು ಆಗಿಬರಲ್ಲ."